ಸಂಬಂಧ: ಮಗಳು

ಕೋವಿಡ್ ಗಲಾಟೆ ತಣ್ಣಗಾಗಿ ಎರಡನೆಯ ವರ್ಷ. ನಾನಾಗ ಸರ್ಕಾರದ ಹಿರಿಯರ ಮನೆ ಆರೈಕೆ ಯೋಜನೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ನವೀಕರಣ. ನಮ್ಮ ತಂಡದ ಪಾಲಿಗೆ ಮೂರು ತಾಲ್ಲೂಕುಗಳಿದ್ದವು. ಸೋಮವಾರ, ಮಂಗಳವಾರ ಸಾಗರ, ಬುಧವಾರ, ಗುರುವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ಶನಿವಾರ ಕೂತು ವರದಿ ಬರೆಯುವುದು. ಒಂದು ಜೀಪು, ಒಬ್ಬ ಡ್ರೈವರ್, ನರ್ಸ್ ಸಿಸ್ಟರ್ ಫ್ಲೋರಿನ್ ಮತ್ತು ನಾನು, ಇಷ್ಟೇ ನಮ್ಮ ಪಡೆ. ಕಾಗದದ ಮೇಲೆ ಮಾತ್ರ ನಾವು ಏಳು ಜನ ಇದ್ದೆವು.

ಮನೆ ಆರೈಕೆ ಎಂದರೆ ಏನೆಂದು ಅನೇಕರಿಗೆ ಗೊತ್ತಿಲ್ಲ. ಆಸ್ಪತ್ರೆಗೆ ಬರಲಾಗದ ಹಿರಿಯರ ಮನೆಗೆ ನಾವೇ ಹೋಗುವುದು. ಸಿಸ್ಟರ್ ಬಿಪಿ, ಶುಗರ್ ನೋಡುತ್ತಾರೆ, ಗಾಯಕ್ಕೆ ಡ್ರೆಸಿಂಗ್ ಮಾಡುತ್ತಾರೆ, ಮೂತ್ರದ ನಳಿಗೆ ಬದಲಿಸುತ್ತಾರೆ. ನಾನು ಕೈಕಾಲು ಆಡಿಸಿ, ಕೂರಿಸಿ, ಸಾಧ್ಯವಾದರೆ ನಿಲ್ಲಿಸಿ, ಇನ್ನೂ ಸಾಧ್ಯವಾದರೆ ನಡೆಸುತ್ತೇನೆ. ಒಬ್ಬರಿಗೆ ವಾರಕ್ಕೆ ಸಿಗುವುದು ಹೆಚ್ಚೆಂದರೆ ನಲವತ್ತು ನಿಮಿಷ. ಉಳಿದಷ್ಟೂ ಹೊತ್ತು ನೋಡಿಕೊಳ್ಳಬೇಕಾದವರು ಮನೆಯವರೇ. ಮಗ್ಗುಲು ಬದಲಿಸುವುದು ಹೇಗೆ, ಗಂಟಲಿಗೆ ಸಿಕ್ಕಿಕೊಳ್ಳದಂತೆ ಉಣಿಸುವುದು ಹೇಗೆ ಎಂದು ಅವರಲ್ಲಿ ಒಬ್ಬರಿಗೆ ನಾವು ಕಲಿಸಿಕೊಡುತ್ತೇವೆ. ಅವರನ್ನು ಯೋಜನೆಯ ಭಾಷೆಯಲ್ಲಿ ‘ಆರೈಕೆದಾರರು’ ಎನ್ನುತ್ತಾರೆ. ಆರೈಕೆದಾರರ ಹೆಸರಿಲ್ಲದೆ ಯಾರನ್ನೂ ಪಟ್ಟಿಗೆ ಸೇರಿಸುವಂತಿಲ್ಲ. ನಿಯಮದಲ್ಲಿ ತಪ್ಪೇನಿಲ್ಲ. ವಾರಕ್ಕೊಮ್ಮೆ ಬಂದು ಹೋಗುವ ನಾವು ಮನೆಯವರಿಲ್ಲದೆ ಏನು ತಾನೇ ಮಾಡಬಲ್ಲೆವು? ಆದರೆ ಯಾರೂ ಇಲ್ಲದವರಿಗೆ ಈ ಯೋಜನೆಯಲ್ಲಿ ಜಾಗವೇ ಇಲ್ಲ ಎಂಬುದು ಆ ನಿಯಮ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಕೆಲಸ ನಿಧಾನವಾದರೆ ಮೈ ಉರಿಯುತ್ತದೆ. “ವಸಂತಿ ಮೇಡಂ ಬಂದ್ರೆ ಮಲಗಿದ್ದೋರೂ ಎದ್ದು ಕೂರ್ತಾರೆ, ಹೆದ್ರಿಕೆಗೆ” ಎಂದು ನಮ್ಮ ಡ್ರೈವರ್ ಎಲ್ಲರ ಎದುರೇ ತಮಾಷೆ ಮಾಡುತ್ತಿದ್ದ. ನಾನದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಗುತ್ಯಪ್ಪನವರ ಸುದ್ದಿ ತಂದವರು ಆ ಭಾಗದ ಆಶಾ ಕಾರ್ಯಕರ್ತೆ. ಸಾಗರದಿಂದ ಇಕ್ಕೇರಿಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಗಿರಣಿಯಿದೆ. ಅದರ ಹಿಂದೆ ಆಳುಗಳಿಗೆಂದು ಕಟ್ಟಿದ ಲೈನ್ ಮನೆಗಳು, ಒಂದೇ ಮಾಡಿನ ಕೆಳಗೆ ಆರು ಕೋಣೆ. ಗಿರಣಿ ನಿಂತರೂ ಆಳುಗಳು ಬಾಡಿಗೆ ಕೊಟ್ಟು ಅಲ್ಲೇ ಉಳಿದಿದ್ದರು. ಕೊನೆಯ ಕೋಣೆ ಗುತ್ಯಪ್ಪನವರದು. ಮೂವತ್ತೆಂಟು ವರ್ಷ ಹಮಾಲಿ ಮಾಡಿದವರು, ಎಪ್ಪತ್ತನಾಲ್ಕು ವಯಸ್ಸು. ಎಡಭಾಗಕ್ಕೆ ಲಕ್ವ ಹೊಡೆದು ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಬಂದಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಚುರುಕಾಗಿತ್ತು. ಎಡಗೈ, ಎಡಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಮೊದಲ ಸಲ ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಲೈನ್‌ನಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗುವವರು. ಕೋಣೆ ಚೊಕ್ಕವಾಗಿತ್ತು. ಹಾಸಿಗೆಯ ಪಕ್ಕ ಬೆಳಗಿಟ್ಟ ಸ್ಟೀಲ್ ಕ್ಯಾರಿಯರ್, ನೀರಿನ ಚೊಂಬು, ಮೂಲೆಯಲ್ಲಿ ಮುಚ್ಚಳವಿದ್ದ ಬಕೆಟ್ಟು. ನಾನು ಕೈಕಾಲು ಪರೀಕ್ಷೆ ಮಾಡಿ, ಫೋನ್ ತೆಗೆದು ನಮ್ಮ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಲು ಕೂತೆ. ಹೆಸರು, ವಯಸ್ಸು, ಆಧಾರ್ ಎಲ್ಲ ಆಯಿತು. ನಿಮಗೆ ಯಾರಿದ್ದಾರೆ ಎಂದು ಕೇಳಿದೆ.

“ಯಾರೂ ಇಲ್ಲ ಮೇಡಂ” ಎಂದರು. ಮದುವೆಯಾಗಿರಲಿಲ್ಲ. ಅಣ್ಣ ಒಬ್ಬ ಇದ್ದವನು ತೀರಿಹೋಗಿ ಬಹಳ ವರ್ಷವಾಗಿತ್ತು. ಅಣ್ಣನ ಕಡೆಯವರು ಸೊರಬದ ಕಡೆ ಎಲ್ಲೋ ಇದ್ದಾರಂತೆ, ಎಲ್ಲಿ ಎಂದು ಗೊತ್ತಿಲ್ಲವಂತೆ.

ಆರೈಕೆದಾರರ ಹೆಸರಿನ ಜಾಗ ಖಾಲಿ ಬಿಟ್ಟರೆ ಆ್ಯಪ್ ಮುಂದಕ್ಕೆ ಹೋಗುವುದಿಲ್ಲ. ಕೆಂಪು ಗೆರೆ ತೋರಿಸಿ ಅಲ್ಲೇ ನಿಲ್ಲುತ್ತದೆ. ಎರಡು ಸಲ ಪ್ರಯತ್ನಿಸಿದೆ. ಹೊರಗೆ ಜೀಪು ಕಾಯುತ್ತಿತ್ತು, ಹೆಗ್ಗೋಡಿನ ಕಡೆ ಇನ್ನೂ ಮೂರು ಮನೆ ಬಾಕಿ. ಇವರನ್ನು ಬಿಟ್ಟು ಹೋದರೆ ಕೈ ಹೆಗಲಿನಿಂದ ಜಾರಿ ಜೋತುಬೀಳುತ್ತದೆ, ಕಾಲು ಸೆಟೆದುಕೊಳ್ಳುತ್ತದೆ, ಆಮೇಲೆ ದೇವರೇ ಬಂದರೂ ನಡೆಸಲಾಗುವುದಿಲ್ಲ. ಲಕ್ವ ಹೊಡೆದ ಮೊದಲ ಮೂರು ತಿಂಗಳು ಚಿನ್ನದಂಥ ಕಾಲ. ತಲೆ ಕೆಟ್ಟು, ಆರೈಕೆದಾರರು ಎಂಬಲ್ಲಿ ನನ್ನದೇ ಹೆಸರು, ನನ್ನದೇ ಫೋನ್ ನಂಬರು ಹಾಕಿಬಿಟ್ಟೆ. ಮುಂದಿನದು ‘ಸಂಬಂಧ’. ಪತಿ, ಪತ್ನಿ, ಮಗ, ಮಗಳು, ಸೊಸೆ, ಇತರೆ ಎಂಬ ಪಟ್ಟಿ ಬಂತು. ಇತರೆ ಒತ್ತಿದರೆ ಇನ್ನೊಂದು ಪುಟ ತೆರೆಯಬೇಕು. ಸಿಗ್ನಲ್ ಇಲ್ಲದೆ ಅದು ಗಿರಗಿರ ತಿರುಗುತ್ತಲೇ ಇತ್ತು.

“ಮಗಳು ಅಂತ ಹಾಕ್ತೀನಿ ಗುತ್ಯಪ್ಪ. ಆಗ್ಬಹುದಾ?” ಎಂದು ನಗುತ್ತ ಕೇಳಿದೆ.

ಗುತ್ಯಪ್ಪನವರು ನನ್ನನ್ನೇ ನೋಡಿದರು. ಸಿಸ್ಟರ್ ಫ್ಲೋರಿನ್ ಬಿಪಿ ಪಟ್ಟಿ ಸುತ್ತುತ್ತಿದ್ದವರು, ಹೀಗೆಲ್ಲ ಬರೆಯುವುದು ಬೇಡ, ನಾಳೆ ಕೇಳಿದರೆ ಏನು ಹೇಳುವುದು ಎಂದು ಮೆಲ್ಲಗೆ ಎಚ್ಚರಿಸಿದರು. ಕೇಳಿದಾಗ ನೋಡಿಕೊಳ್ಳೋಣ, ನಿಮಗೆ ಬೇರೆ ದಾರಿ ಗೊತ್ತಿದ್ದರೆ ಹೇಳಿ ಎಂದು ಅವರ ಮೇಲೆ ರೇಗಿದೆ. ಮಗಳು ಎಂಬುದನ್ನು ಒತ್ತಿದ ಕೂಡಲೇ ಆ್ಯಪ್ ಹಸಿರಾಯಿತು.

ಮುಂದಿನ ಮಂಗಳವಾರದಿಂದ ಕೆಲಸ ಶುರು. ಮೂಟೆ ಹೊತ್ತ ಮೈ, ಬಲಗಡೆ ಕಬ್ಬಿಣದಂತಿತ್ತು. ಹೇಳಿದ ವ್ಯಾಯಾಮವನ್ನು ಲೆಕ್ಕ ತಪ್ಪದೆ ಮಾಡುತ್ತಿದ್ದರು. ಮಲಗಿದಲ್ಲೇ ಸೊಂಟ ಎತ್ತುವುದು, ಬಲಗೈಯಿಂದ ಎಡಗೈಯನ್ನು ಹಿಡಿದು ತಲೆಯ ಮೇಲೆ ತರುವುದು, ಮಂಚದ ಅಂಚಿಗೆ ಬಂದು ಕೂರುವುದು. ಐದನೆಯ ವಾರ ನಿಲ್ಲಿಸಲು ನೋಡಿದೆ. ಎಷ್ಟು ಹೇಳಿಕೊಟ್ಟರೂ ಹಿಂದಕ್ಕೇ ಬೀಳುತ್ತಿದ್ದರು. ಪುಸ್ತಕದಲ್ಲಿರುವ ಸೂಚನೆಗಳೆಲ್ಲ ಮುಗಿದ ಮೇಲೆ, ಬೆನ್ನ ಮೇಲೆ ಮೂಟೆಯಿದೆ ಅಂದುಕೊಂಡು ಏಳಿ ಎಂದೆ. ಕಾಲು ಹಿಂದಕ್ಕೆ ಎಳೆದುಕೊಂಡರು, ಎದೆ ಮುಂದೆ ಬಾಗಿಸಿದರು, ಉಸಿರು ಹಿಡಿದು ಒಂದೇ ಏಟಿಗೆ ನಿಂತರು. ನಿಂತು, ಮಾಡಿನ ಕಡೆ ನೋಡಿ, “ಅಕ್ಕಿ ಮೂಟೆ ಆದ್ರೆ ಇನ್ನೂ ಭಾರ ಇರ್ತದೆ ಮಗಾ” ಎಂದರು.

ನಮ್ಮ ಕಡೆ ವಯಸ್ಸಾದವರು ಕಿರಿಯರನ್ನು ಮಗಾ ಎಂದು ಕರೆಯುವುದು ಮಾಮೂಲು. ಗಂಡಾದರೂ ಮಗಾ, ಹೆಣ್ಣಾದರೂ ಮಗಾ. ನಾನದಕ್ಕೆ ಅರ್ಥ ಕಟ್ಟಲು ಹೋಗಲಿಲ್ಲ. ಆದರೆ ನನಗದು ಹಿತವಾಗಿತ್ತು. ನನಗೆ ಐವತ್ತೊಂದು ವರ್ಷ, ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು, ಸಾಗರದಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಆರೈಕೆದಾರರ ಫೋನಿಗೆ ಆ್ಯಪ್ ದಿನಕ್ಕೆ ಎರಡು ಸಂದೇಶ ಕಳಿಸುತ್ತದೆ. ‘ನಿಮ್ಮ ಹಿರಿಯರು ಇಂದು ಊಟ ಮಾಡಿದರೇ?’ ಎಂದು ಬೆಳಿಗ್ಗೆ, ‘ನಿಮ್ಮ ಹಿರಿಯರ ಮಗ್ಗುಲು ಬದಲಿಸಿದಿರಾ?’ ಎಂದು ಸಂಜೆ. ಅವೆರಡೂ ನನ್ನ ಫೋನಿಗೇ ಬರುತ್ತಿದ್ದವು. ಒಗ್ಗರಣೆ ಹಾಕುತ್ತ ಅದನ್ನು ಓದಿ, ಹೌದು ಎಂದು ಒತ್ತುತ್ತಿದ್ದೆ. ಊಟ ಮಾಡಿದರೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಒತ್ತದಿದ್ದರೆ ಮತ್ತೆ ಮತ್ತೆ ಬರುತ್ತದೆ ಎಂದು ಒತ್ತುತ್ತಿದ್ದೆ. ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ನನ್ನ ಫೋನಿಗೆ ಬರುತ್ತಿದ್ದ ಮನೆಯ ಮಾತು ಅದೊಂದೇ. ಭಾನುವಾರ ಅದು ತಡವಾದರೆ ಫೋನ್ ಸರಿಯಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಊಟ ಕೊಡುತ್ತಿದ್ದವರು ಪಕ್ಕದ ಕೋಣೆಯ ಲಕ್ಷ್ಮಕ್ಕ ಎಂಬುದು ಎರಡನೆಯ ತಿಂಗಳಲ್ಲಿ ತಿಳಿಯಿತು. ಪೇಟೆಯ ಟೈಲರ್ ಅಂಗಡಿಯೊಂದರಲ್ಲಿ ಹೊಲಿಯುವ ಹೆಂಗಸು, ಗಂಡ ಇಲ್ಲ, ವಯಸ್ಸು ಅರವತ್ತರ ಆಸುಪಾಸು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಗಂಜಿ, ಬಂದ ಮೇಲೆ ಅನ್ನ ಸಾರು ಕೊಟ್ಟು, ಮೂಲೆಯ ಬಕೆಟ್ಟನ್ನೂ ತೊಳೆದಿಡುತ್ತಿದ್ದರು. ಅದಕ್ಕೆ ಗುತ್ಯಪ್ಪನವರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾದರೆ ಆರೈಕೆದಾರರ ಜಾಗದಲ್ಲಿ ಅವರ ಹೆಸರು ಹಾಕಬಹುದಿತ್ತಲ್ಲ ಎಂದು ಸಿಸ್ಟರ್ ಅಂದರು. ಹಾಕಬಹುದಿತ್ತು. ಒಮ್ಮೆ ಹಾಕಿದ ಹೆಸರು ಬದಲಿಸಲು ಮೇಲಧಿಕಾರಿಯ ಒಪ್ಪಿಗೆ ಬೇಕು, ಕಾರಣ ಬರೆಯಬೇಕು. ಕಾರಣ ಎಂದು ಏನು ಬರೆಯಲಿ, ಮೊದಲು ಸುಳ್ಳು ಬರೆದಿದ್ದೆ ಎಂದೇ? ಮುಂದಿನ ವಾರ ನೋಡೋಣ ಎಂದೆ. ಮುಂದಿನ ವಾರವೂ ಹಾಗೇ ಅಂದೆ. ನಾಳೆ ಎಂದವನ ಮನೆ ಹಾಳು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಇಲ್ಲಿ ಹಾಳಾದದ್ದು ಬೇರೆಯವರ ಮನೆ.

ಮೂರು ತಿಂಗಳಾಗುತ್ತಿದ್ದಂತೆ ಯೋಜನೆಯಿಂದ ಅಚ್ಚಾದ ಕಾರ್ಡುಗಳು ಬಂದವು. ಹಳದಿ ಬಣ್ಣದ, ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ತುರ್ತು ಸಮಯದಲ್ಲಿ ಯಾರನ್ನು ಕರೆಯಬೇಕೆಂದು ಯಾರು ನೋಡಿದರೂ ತಿಳಿಯಲಿ ಎಂದು ಅದನ್ನು ಹಿರಿಯರ ಮಂಚದ ಬಳಿ ಗೋಡೆಗೆ ತೂಗುಹಾಕಬೇಕಿತ್ತು. ಆ ಮಂಗಳವಾರ ನಾನೇ ಮೊಳೆ ಹೊಡೆದು ಗುತ್ಯಪ್ಪನವರ ಕಾರ್ಡನ್ನು ತೂಗುಹಾಕಿದೆ. ಅದರಲ್ಲಿ ಏನಿದೆಯೆಂದು ನೋಡಲಿಲ್ಲ. ದಿನಕ್ಕೆ ಹತ್ತು ಕಾರ್ಡು ಹಂಚುವಾಗ ಯಾರು ನೋಡುತ್ತಾರೆ?

ಅದರ ಮರುವಾರ ನನಗೆ ಶಿವಮೊಗ್ಗದಲ್ಲಿ ತರಬೇತಿ. ಅದರ ಮುಂದಿನ ವಾರ ಜೀಪು ಗ್ಯಾರೇಜು ಸೇರಿತು. ಹೀಗೆ ಎರಡು ಮಂಗಳವಾರ ತಪ್ಪಿದವು. ಮೂರನೆಯ ಮಂಗಳವಾರ ಹೋದಾಗ ಗುತ್ಯಪ್ಪನವರ ಬಾಗಿಲು ಚಿಲಕವಿಲ್ಲದೆ ಮುಚ್ಚಿತ್ತು. ತಳ್ಳಿದೊಡನೆ ವಾಸನೆ ಮುಖಕ್ಕೆ ಬಡಿಯಿತು.

ಮಲಗಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು. ಬಕೆಟ್ಟು ತುಂಬಿತ್ತು. ಮಂಚದ ಬಳಿ ಖಾಲಿ ಹಾಲಿನ ಪ್ಯಾಕೆಟ್ಟುಗಳು, ಬನ್ನಿನ ಚೂರು, ಒಣ ಅವಲಕ್ಕಿಯ ಪೊಟ್ಟಣ. ಬೆಳಿಗ್ಗೆ ಹಾಲು ಹಾಕುವವನು ಕಿಟಕಿಯಿಂದ ಒಂದು ಪ್ಯಾಕೆಟ್ಟು, ಒಂದು ಬನ್ನು ಒಳಗಿಡುತ್ತಿದ್ದನಂತೆ. ಅವರು ಹಲ್ಲಿನಿಂದ ಕಚ್ಚಿ ಹರಿದು ಅದನ್ನೇ ಕುಡಿಯುತ್ತಿದ್ದರು. ಸಿಸ್ಟರ್ ಮಗ್ಗುಲಿಗೆ ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಅಂಗೈಯಗಲ ಹಾಸಿಗೆ ಹುಣ್ಣು. ಚರ್ಮ ಒಡೆದು ನೀರು ಜಿನುಗುತ್ತಿತ್ತು. ಬಿಪಿ ತೊಂಬತ್ತು, ಅರವತ್ತು. ನಿಂತ ಮನುಷ್ಯ ಈಗ ಕೂರಲೂ ಆಗದೆ ಗಡಗಡ ನಡುಗುತ್ತಿದ್ದರು. ಊಟ ಮಾಡಿದಿರಾ ಎಂದು ಕೇಳಿದರೆ, ಮಾಡಿದೆ ಎಂದರು.

ಆ ದಿನ ಲೈನ್‌ನಲ್ಲಿ ಕೆಲವರಿಗೆ ರಜೆ, ಲಕ್ಷ್ಮಕ್ಕ ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದರು. ಸೀದಾ ಹೋಗಿ ಬಾಯಿಗೆ ಬಂದಂತೆ ಬೈದೆ. ಪಕ್ಕದಲ್ಲೇ ಇದ್ದುಕೊಂಡು ಒಂದು ಜೀವ ಹೀಗೆ ಕೊಳೆಯುವುದನ್ನು ನೋಡಿದಿರಲ್ಲ, ಕರುಳಿಲ್ಲವೇ ನಿಮಗೆ, ಸಾಕಾಗಿದ್ದರೆ ನನಗೊಂದು ಫೋನು ಮಾಡಬಾರದಿತ್ತೇ ಎಂದೆಲ್ಲ ಅಂದೆ. ಲೈನ್‌ನ ನಾಲ್ಕೈದು ಜನ ಬಾಗಿಲಿಗೆ ಬಂದು ನಿಂತರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಮಾತು ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಲಕ್ಷ್ಮಕ್ಕ ಕೈಯಲ್ಲಿದ್ದ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿದರು. ಸ್ವರ ಏರಿಸಲಿಲ್ಲ.

“ಜೋರು ಮಾಡ್ಬೇಡಿ ಮೇಡಂ. ಮಗಳು ನೀವು. ಮೂರು ವಾರದಿಂದ ನೀವೇ ಬರ್ಲಿಲ್ಲ. ನನ್ನ ಕೇಳ್ತೀರಾ?”

ನಾನು ಯಾರ ಮಗಳು ಎಂದು ಕೇಳಿದೆ. ಅವರು ಗುತ್ಯಪ್ಪನವರ ಕೋಣೆಯ ಗೋಡೆಯತ್ತ ಕೈ ತೋರಿಸಿದರು. ಒಳಗೆ ಹೋಗಿ ಆ ಹಳದಿ ಕಾರ್ಡನ್ನು ಮೊದಲ ಸಲ ಓದಿದೆ. ‘ಆರೈಕೆದಾರರು: ವಸಂತಿ. ಸಂಬಂಧ: ಮಗಳು.’

ಆಮೇಲೆ ತಿಳಿದದ್ದು ಇಷ್ಟು. ಕಾರ್ಡು ಹಾಕಿದ ಸಂಜೆ ಅನ್ನ ತಂದ ಲಕ್ಷ್ಮಕ್ಕ ಅದನ್ನು ಓದಿದ್ದರು. ಅವರು ನಿಮ್ಮ ಮಗಳಾ ಎಂದು ಕೇಳಿದ್ದಕ್ಕೆ ಗುತ್ಯಪ್ಪನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಸುಮ್ಮನೆ ನಕ್ಕರಂತೆ. ಲೈನ್‌ನಲ್ಲಿ ಎರಡು ದಿನದಲ್ಲಿ ಕಥೆ ತಯಾರಾಯಿತು. ತೀರ್ಥಹಳ್ಳಿ ಕಡೆ ಗುತ್ಯಪ್ಪನಿಗೆ ಒಂದು ಸಂಸಾರ ಇತ್ತಂತೆ, ಹರೆಯದಲ್ಲಿ ಹೆಂಡತಿ ಮಗುವನ್ನು ಬಿಟ್ಟು ಬಂದನಂತೆ, ಮಗಳು ಓದಿ ದೊಡ್ಡ ಕೆಲಸಕ್ಕೆ ಸೇರಿ ಈಗ ಅಪ್ಪನನ್ನು ಹುಡುಕಿಕೊಂಡು ಬಂದಳಂತೆ. ನಾನು ತೀರ್ಥಹಳ್ಳಿಯವಳು ಎಂದು ನಮ್ಮ ಡ್ರೈವರ್ ಯಾವಾಗಲೋ ಯಾರಿಗೋ ಹೇಳಿದ್ದ. ಅಷ್ಟು ಸಾಕಾಗಿತ್ತು.

ಲಕ್ಷ್ಮಕ್ಕ ಗಂಜಿ ನಿಲ್ಲಿಸಿದ್ದು ಹೊಟ್ಟೆಕಿಚ್ಚಿಗಲ್ಲ, ಸಿಟ್ಟಿಗೂ ಅಲ್ಲ. ಅದನ್ನು ಅವರ ಬಾಯಿಂದಲೇ ಕೇಳಬೇಕು.

“ಯಾರೂ ಇಲ್ದಿದ್ರೆ ಪಕ್ಕದ ಮನೆಯವ್ರು ನೋಡ್ಬೇಕು, ಅದು ಸರಿ. ಮಗಳು ಇದ್ದೂ ನಾನು ದಿನಾ ಪಾತ್ರೆ ಹೊತ್ಕೊಂಡು ಹೋದ್ರೆ ಆ ಮಗಳ ಮುಖಕ್ಕೆ ಹೊಡ್ದಂಗಲ್ವಾ? ‘ನಿಮ್ಮಪ್ಪನ್ನ ನಾನು ಸಾಕ್ತಿದೀನಿ ನೋಡು’ ಅಂದಂಗೆ ಆಗ್ತದೆ. ನೀವೇ ಊಟದ ವ್ಯವಸ್ಥೆ ಮಾಡಿರ್ತೀರಿ ಅಂದ್ಕೊಂಡೆ. ಗುತ್ಯಣ್ಣನ್ನ ಕೇಳಿದ್ರೆ, ಆಯ್ತು, ಊಟ ಆಯ್ತು ಅಂತಿದ್ದ.”

ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಹತ್ತಿರದ ರಕ್ತಸಂಬಂಧ ಇರುವ ಕಡೆ ಹೊರಗಿನವರು ಕೈ ಹಿಂದೆ ತೆಗೆಯುವುದು ಇಲ್ಲಿನ ಮರ್ಯಾದೆ. ಮದುವೆ ಮನೆಯಲ್ಲೂ ಹಾಗೆ, ಸಾವಿನ ಮನೆಯಲ್ಲೂ ಹಾಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಒಂದು ಸುಳ್ಳನ್ನು ಬರೆದು, ಪ್ಲಾಸ್ಟಿಕ್ ಹೊದಿಸಿ, ನನ್ನ ಕೈಯಾರೆ ಗೋಡೆಗೆ ಮೊಳೆ ಹೊಡೆದಿದ್ದೆ. ಆ ಮನುಷ್ಯನಿಗೆ ಇದ್ದ ಒಂದೇ ಒಂದು ಆಸರೆ ನನ್ನಿಂದಾಗಿ ತಪ್ಪಿತ್ತು.

ಗುತ್ಯಪ್ಪನವರ ಹತ್ತಿರ ಕೂತು, ಯಾಕೆ ಹೀಗೆ ಮಾಡಿದಿರಿ, ಅವಳು ನನ್ನ ಮಗಳಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಎಂದೆ.

“ನಾನು ಯಾರಿಗೂ ಹೇಳ್ಲಿಲ್ಲ ಮೇಡಂ. ಕೇಳ್ದೋರಿಗೆ ಅಲ್ಲ ಅಂತ್ಲೂ ಅನ್ಲಿಲ್ಲ” ಎಂದರು. ಮತ್ತೆ, “ಹೆಂಡ್ತಿ ಮಗಳನ್ನ ಬಿಟ್ಟು ಬಂದೋನು ಅಂತ ಬೈದ್ರೂ ಅಡ್ಡಿಲ್ಲ. ಹಿಂದೆ ಮುಂದೆ ಯಾರೂ ಇಲ್ದೋನು ಪಾಪ ಅಂತಾರಲ್ಲ, ಅದು ಕೇಳೂಕಾಗಲ್ಲ” ಎಂದರು.

ನಾನು ಎದ್ದು ಹೊರಗೆ ಬಂದು ಜೀಪಿನ ಹಿಂದೆ ನಿಂತು ಅತ್ತೆ. ಕೆಲಸಕ್ಕೆ ಸೇರಿದ ಇಪ್ಪತ್ತೆರಡು ವರ್ಷದಲ್ಲಿ ರೋಗಿಯ ಮನೆಯಲ್ಲಿ ಅತ್ತದ್ದು ಅದೇ ಮೊದಲು. ಹಸಿವಿಗಿಂತ ಆ ‘ಪಾಪ’ ಅವರಿಗೆ ದೊಡ್ಡದಾಗಿತ್ತು. ಮೂರು ವಾರ ಬನ್ನು ತಿಂದುಕೊಂಡು, ಹುಣ್ಣು ಸಹಿಸಿಕೊಂಡು, ಅವರು ಒಬ್ಬ ಮಗಳ ಅಪ್ಪನಾಗಿ ಮಲಗಿದ್ದರು. ನನಗಿಂತ ಒಳ್ಳೆಯ ಮಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಏನೋ.

ಸತ್ಯ ಹೇಳದೆ ಬೇರೆ ದಾರಿ ಇರಲಿಲ್ಲ. ನಲ್ಲಿಯ ಹತ್ತಿರ ಹೋಗಿ, ನಿಂತಿದ್ದ ಎಲ್ಲರ ಎದುರು ಲಕ್ಷ್ಮಕ್ಕನಿಗೆ ಹೇಳಿದೆ: ನಾನು ಮಗಳಲ್ಲ, ತೀರ್ಥಹಳ್ಳಿಯಲ್ಲಿ ಯಾವ ಸಂಸಾರವೂ ಇಲ್ಲ, ಫಾರಂ ತುಂಬುವ ಅವಸರದಲ್ಲಿ ನಾನು ಬರೆದ ಸುಳ್ಳು ಅದು, ತಪ್ಪು ಪೂರ್ತಿ ನನ್ನದು. ನಾನು ಹೇಳಿದ ಒಂದೊಂದು ಮಾತೂ ಒಳಗಿದ್ದ ಗುತ್ಯಪ್ಪನವರಿಗೆ ಕೇಳುತ್ತಿತ್ತು. ಅವರ ಕೋಣೆಗೂ ನಲ್ಲಿಗೂ ಹತ್ತು ಹೆಜ್ಜೆ ಅಷ್ಟೇ. ಮಗಳ ಅಪ್ಪ ಎಂಬ ಮಾನವನ್ನು ನಾನೇ ಕೊಟ್ಟು, ಊರೆಲ್ಲ ನೋಡುವಂತೆ ನಾನೇ ಕಿತ್ತುಕೊಂಡೆ. ಲಕ್ಷ್ಮಕ್ಕ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮಧ್ಯಾಹ್ನ ಸಿಸ್ಟರ್ ಹೋಟೆಲಿನಿಂದ ಗಂಜಿ ತರಿಸಿ ಚಮಚದಲ್ಲಿ ಉಣಿಸಿದರು. ಹುಣ್ಣು ತೊಳೆದು ಡ್ರೆಸಿಂಗ್ ಮಾಡಿದರು. ನಾನು ಬಕೆಟ್ಟು ತೊಳೆದೆ.

ಅಂದೇ ಕಚೇರಿಗೆ ಹೋಗಿ ಮೇಲಧಿಕಾರಿಗೆ ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಮೆಮೋ ಕೊಡದೆ ಅವರಿಗೂ ಗತಿಯಿರಲಿಲ್ಲ. ಸುಳ್ಳು ಮಾಹಿತಿ ದಾಖಲಿಸಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕು, ನವೀಕರಣದ ಹೊತ್ತಿಗೆ ಇದನ್ನು ಪರಿಗಣಿಸಲಾಗುವುದು ಎಂದು ಅದರಲ್ಲಿತ್ತು. ಅದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ಎರಡನೆಯ ಮಾತಿಗೆ: ಒಂದು ವಾರದೊಳಗೆ ನಿಜವಾದ ಆರೈಕೆದಾರರ ಹೆಸರು ಬರದಿದ್ದರೆ ಗುತ್ಯಪ್ಪನವರನ್ನು ಪಟ್ಟಿಯಿಂದ ತೆಗೆದು ಶಿವಮೊಗ್ಗದ ವೃದ್ಧಾಶ್ರಮಕ್ಕೆ ಸೇರಿಸಬೇಕು. ಆಸ್ಪತ್ರೆಯ ಹನ್ನೆರಡು ದಿನ ಬಿಟ್ಟರೆ, ಮೂವತ್ತೆಂಟು ವರ್ಷದಲ್ಲಿ ಆ ಗಿರಣಿಯ ಅಂಗಳದಿಂದಾಚೆ ಮಲಗದ ಮನುಷ್ಯ ಅವರು. ಅಲ್ಲಿಗೆ ಹೋದರೆ ತಿಂಗಳೊಪ್ಪತ್ತು ಬದುಕಿದರೆ ಹೆಚ್ಚು ಎಂದು ನನ್ನ ಅನುಭವ ಹೇಳುತ್ತಿತ್ತು.

ಆ ವಾರ ನನ್ನ ಬದುಕಿನಲ್ಲಿ ಅತಿ ಉದ್ದದ ವಾರ. ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಗಂಜಿ ಒಯ್ದು, ಉಣಿಸಿ, ಮಗ್ಗುಲು ಬದಲಿಸಿ, ಆಯಾ ದಿನದ ಊರಿಗೆ ಜೀಪು ಹಿಡಿಯುತ್ತಿದ್ದೆ. ಸಂಜೆ ಬಂದು ಮತ್ತೆ ಹೋಗುತ್ತಿದ್ದೆ. ಅಪ್ಪನಿಗೆ ನಾನು ಇಷ್ಟು ಮಾಡಿರಲಿಲ್ಲ. ಅಪ್ಪ ಹೋಗುವಾಗ ನಾನು ಬೇರೆ ಯಾರದೋ ಅಪ್ಪನಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಗುತ್ಯಪ್ಪನವರು ಬಾಯಿ ತೆರೆಯುತ್ತಿದ್ದರು, ನುಂಗುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ಲಕ್ಷ್ಮಕ್ಕನ ಬಾಗಿಲು ನಾನು ಬಂದಾಗಲೆಲ್ಲ ಮುಚ್ಚಿರುತ್ತಿತ್ತು. ಹೋಗಿ ತಟ್ಟಿ ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟು ಬೈದ ಮೇಲೆ ಯಾವ ಮುಖ ಹೊತ್ತು ಕೇಳುವುದು?

ಏಳನೆಯ ದಿನ ಬೆಳಿಗ್ಗೆ ಹೋದಾಗ ಗುತ್ಯಪ್ಪನವರ ಬಾಯಿ ಒರೆಸಿತ್ತು. ಬಕೆಟ್ಟು ತೊಳೆದು ಕವುಚಿ ಹಾಕಿತ್ತು. ಲಕ್ಷ್ಮಕ್ಕ ಹೊಸಿಲ ಮೇಲೆ ಕೂತು ಕ್ಯಾರಿಯರ್ ಮುಚ್ಚುತ್ತಿದ್ದರು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, ಅದನ್ನು ನೀವೇ ಉಣ್ಣಿ ಎಂದರು. ನಾನು ಮಾಡಿದ್ದು ತಪ್ಪಾಯಿತು ಎಂದು ಹೇಳಹೊರಟರೆ ಕೈ ಅಡ್ಡ ಹಿಡಿದರು.

“ನನ್ನ ಹೆಸ್ರು ಹಾಕ್ಕೊಳ್ಳಿ. ಮಗಳು, ತಂಗಿ, ಎಂಥದೂ ಹಾಕ್ಬೇಡಿ. ಪಕ್ಕದ ಮನೆ ಅಂತಷ್ಟೇ ಬರೀರಿ.”

ಪಟ್ಟಿಯಲ್ಲಿ ಪಕ್ಕದ ಮನೆ ಎಂಬುದಿಲ್ಲ. ‘ಇತರೆ’ ಎಂದು ಒತ್ತಿದೆ. ಆ ಪುಟ ಈ ಸಲ ಒಂದೇ ನಿಮಿಷದಲ್ಲಿ ತೆರೆಯಿತು.

ಹುಣ್ಣು ಮಾಯಲು ಹತ್ತು ವಾರ ಬೇಕಾಯಿತು. ಕಾಲಿಗೆ ಮತ್ತೆ ಬಲ ಬರಿಸಲು ಇನ್ನೂ ಮೂರು ತಿಂಗಳು. ಲಕ್ಷ್ಮಕ್ಕ ನಾನು ಕಲಿಸಿದ್ದನ್ನು ಹೊಲಿಗೆಯಷ್ಟೇ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಕೊನೆಗೆ ಗುತ್ಯಪ್ಪನವರು ಮೂರು ಕಾಲಿನ ಕೋಲು ಹಿಡಿದು ನಲ್ಲಿಯವರೆಗೆ ಹೋಗಿಬರುವಂತಾದರು. ಅಲ್ಲಿ ಕೂತು ಲೈನ್‌ನವರ ಕೊಡಗಳಿಗೆ ಸರದಿ ಹೇಳುತ್ತಿದ್ದರು. ನನ್ನ ಕೆಲಸದ ಲೆಕ್ಕದಲ್ಲಿ ಅದು ಗೆಲುವು. ಸ್ವಂತ ಕಾಲಿನಲ್ಲಿ ಓಡಾಡುವವರನ್ನು ವಾರದ ಪಟ್ಟಿಯಿಂದ ತೆಗೆಯಬೇಕೆಂಬ ನಿಯಮದ ಪ್ರಕಾರ ತೆಗೆದೆ.

ಆ ನಲ್ಲಿಕಟ್ಟೆಯ ದಿನದ ನಂತರ ಅವರು ನನ್ನನ್ನು ಒಮ್ಮೆಯೂ ಮಗಾ ಎನ್ನಲಿಲ್ಲ. ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ, ಆಯ್ತು ಮೇಡಂ. ಸಿಟ್ಟಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಸಿಟ್ಟಿದ್ದರೆ ಹೇಗಾದರೂ ತಣಿಸಬಹುದಿತ್ತು. ಅವರು ನನ್ನನ್ನು ಸರ್ಕಾರಕ್ಕೆ ವಾಪಸು ಕೊಟ್ಟುಬಿಟ್ಟಿದ್ದರು. ನನ್ನ ಫೋನಿಗೂ ಆ ಎರಡು ಸಂದೇಶಗಳು ನಿಂತುಹೋದವು. ಸಂಜೆ ಅಡುಗೆಮನೆಯಲ್ಲಿ ನಿಂತಾಗ ಮೊದಮೊದಲು ಬಹಳ ಕಷ್ಟವಾಯಿತು. ಯಾರಿಗೆ ಹೇಳಿಕೊಳ್ಳುವುದು ಅದನ್ನು?

ಮರುವರ್ಷ ಗುತ್ಯಪ್ಪನವರು ತೀರಿಕೊಂಡರು. ಎರಡನೆಯ ಸಲ ಲಕ್ವ ಹೊಡೆದು ಮೂರು ದಿನ ಮಲಗಿದ್ದರು. ನನಗೆ ತಿಳಿದದ್ದು ಶನಿವಾರದ ವರದಿಯಲ್ಲಿ, ಅಷ್ಟರಲ್ಲಿ ಎಲ್ಲ ಮುಗಿದು ವಾರವಾಗಿತ್ತು. ನಮ್ಮ ಯೋಜನೆಯಲ್ಲಿ ‘ಸಾಂತ್ವನ ಭೇಟಿ’ ಎಂಬುದೊಂದಿದೆ. ಹಿರಿಯರು ತೀರಿಕೊಂಡ ಮೇಲೆ ಅವರ ಆರೈಕೆದಾರರನ್ನು ಒಮ್ಮೆ ಕಂಡು ಮಾತಾಡಿಸಿ ಬರಬೇಕು. ಮಂಗಳವಾರ ಲಕ್ಷ್ಮಕ್ಕನ ಮನೆಗೆ ಹೋದೆ. ಕೊನೆಯ ಕೋಣೆಗೆ ಬೇರೆ ಬಾಡಿಗೆಯವರು ಬಂದಾಗಿತ್ತು. ಲಕ್ಷ್ಮಕ್ಕ ಚಾಪೆ ಹಾಕಿ, ಚಾ ಕೊಟ್ಟು, ಎದುರಿಗೆ ಕೂತರು. ಮಾತು ತೆಗೆದವರು ಅವರೇ. ಎರಡನೆಯ ದಿನ ಮಾತು ಇನ್ನೂ ಸ್ವಲ್ಪ ಹೊರಡುತ್ತಿತ್ತಂತೆ. ಮೇಡಂಗೆ ಫೋನ್ ಮಾಡಲಾ ಎಂದು ಇವರು ಕೇಳಿದರಂತೆ.

“ಬ್ಯಾಡ ಅಂದ. ‘ಇವತ್ತು ಗುರುವಾರ, ಅವ್ರಿಗೆ ಹೊಸನಗರ’ ಅಂದ.”

ನಮ್ಮ ತಿರುಗಾಟದ ಪಟ್ಟಿಯನ್ನು ನಾನು ಅವರಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಪಟ್ಟಿಯಿಂದ ತೆಗೆದು ವರ್ಷವಾಗಿದ್ದರೂ ನಾನು ಯಾವ ದಿನ ಯಾವ ಊರಿನಲ್ಲಿ ಇರುತ್ತೇನೆ ಎಂದು ಅವರು ನೆನಪಿಟ್ಟುಕೊಂಡಿದ್ದರು. ಚಾ ಕುಡಿಯಲಾಗಲಿಲ್ಲ. ಲಕ್ಷ್ಮಕ್ಕ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಸಾಂತ್ವನ ಹೇಳಲು ಹೋದವಳು ನಾನು.

ನನ್ನ ಗುತ್ತಿಗೆ ನವೀಕರಣವಾಯಿತು. ಈಗಲೂ ಅದೇ ಕೆಲಸ, ಅದೇ ಮೂರು ತಾಲ್ಲೂಕು. ಹೊಸ ಮನೆಗೆ ಹೋದಾಗ, ನಿಮಗೆ ಯಾರಿದ್ದಾರೆ ಎಂದು ನಾನು ಮೊದಲು ಕೇಳುವುದಿಲ್ಲ. ನಿನ್ನೆ ಊಟ ಯಾರು ಕೊಟ್ಟರು ಎಂದು ಕೇಳುತ್ತೇನೆ. ಬರುವ ಉತ್ತರ ಎಷ್ಟೋ ಸಲ ಮಗನೂ ಅಲ್ಲ, ಮಗಳೂ ಅಲ್ಲ. ಅಂಗಡಿಯವರು, ಎದುರುಮನೆಯವರು, ಒಮ್ಮೆ ಒಬ್ಬ ಕಂಡಕ್ಟರು. ಅವರನ್ನು ಹುಡುಕಿಕೊಂಡು ಹೋಗಿ ಅವರ ಹೆಸರನ್ನೇ ಬರೆಯುತ್ತೇನೆ. ಯಾರೂ ಕೊಡಲಿಲ್ಲ ಎಂದವರ ಜಾಗವನ್ನು ಖಾಲಿ ಬಿಡುತ್ತೇನೆ. ನಾವು ಕೆಲವರು ಬೆನ್ನು ಹತ್ತಿದ ಮೇಲೆ ಆ್ಯಪ್ ಈಗ ಅದನ್ನು ಒಪ್ಪುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವವರು, ಖಾಲಿ ಬಿಟ್ಟರೆ ಪಾಪ ಅನ್ನಿಸುವುದಿಲ್ಲವೇ ಮೇಡಂ ಎಂದು ಕೇಳುತ್ತಾರೆ. ಕಾರ್ಡಿನಲ್ಲಿ ಖಾಲಿ ಜಾಗ ಕಂಡರೆ ಇಂದಲ್ಲ ನಾಳೆ ಯಾರಾದರೂ ಒಂದು ಪಾತ್ರೆ ಹಿಡಿದು ಬಂದಾರು ಎಂದು ಅವರಿಗೆ ಹೇಳುತ್ತೇನೆ. ನನ್ನ ಹೆಸರು ಆ ಗೋಡೆಯ ಮೇಲಿದ್ದ ಮೂರು ವಾರ ಗುತ್ಯಪ್ಪನವರಿಗೆ ಯಾರೂ ಇರಲಿಲ್ಲ.